ದಯೆಯ ಉಷ್ಣಮಾನ

ನಾಲ್ಕು ದಶಕಗಳ ಕಾಲ ಹುಬ್ಬಳ್ಳಿಯಲ್ಲಿ ಜವಳಿ ವ್ಯಾಪಾರ ಮಾಡಿಕೊಂಡು ಬಂದ ನನಗೆ ಪ್ರಾಣಿಶಾಸ್ತ್ರದ ಪರಿಚಯ ಇಲ್ಲ. ನಾನು ವಾಣಿಜ್ಯ ಪದವೀಧರ. ಜಮಾ-ಖರ್ಚಿನ ಲೆಕ್ಕ ಬಲ್ಲೆ. ಬಸದಿಯ ಸ್ವಾಧ್ಯಾಯದಲ್ಲಿ ಕುಳಿತು ಕಿವಿಯ ಮೇಲೆ ಬಿದ್ದ ನಾಲ್ಕು ಶಾಸ್ತ್ರವಾಕ್ಯಗಳನ್ನು ಬಲ್ಲೆ. ಇಂಥ ನಾನು ಒಂದು ಜೇಡವನ್ನು ಬೆಚ್ಚಗೆ ಇಡುವ ವಿಷಯವಾಗಿ ಬರೆಯಲು ಹೊರಟಿರುವುದು ಧರ್ಮಬಂಧುಗಳಿಗೆ ವಿನೋದವಾಗಿ ತೋರಬಹುದು. ಆದರೆ ಆ ಜೇಡದಿಂದ ನಾನು ಕಲಿತ ಪಾಠವು ವಿನೋದದ್ದಲ್ಲ. ಆದುದರಿಂದ ನಡೆದುದನ್ನು ನಡೆದಂತೆಯೇ ನಿವೇದಿಸುತ್ತೇನೆ.

೨೦೨೨ರ ನವೆಂಬರ್ ತಿಂಗಳಲ್ಲಿ ನಾನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ಮಗನ ಮನೆಗೆ ಹೋದೆ. ಆ ಊರಿನಲ್ಲಿ ಹಳೆಯ ಇಗರ್ಜಿಯೊಂದನ್ನು ಜಿನಾಲಯವನ್ನಾಗಿ ಪರಿವರ್ತಿಸಿ ೧೯೮೮ರಲ್ಲಿ ಪ್ರತಿಷ್ಠೆ ನೆರವೇರಿಸಿದ್ದಾರೆ. ಶ್ವೇತಾಂಬರ, ದಿಗಂಬರ, ಸ್ಥಾನಕವಾಸಿ ಸಂಪ್ರದಾಯಗಳವರು ಒಂದೇ ಸೂರಿನಡಿ ಸೇರುವ ಆ ಸ್ಥಳವನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಆದರೆ ಮಗನ ಮನೆಯ ಮಾಳಿಗೆಯ ಕೋಣೆಯಲ್ಲಿ ಬೇರೊಂದು ದರ್ಶನ ನನಗಾಗಿ ಕಾದಿತ್ತು. ಹದಿಮೂರು ವರ್ಷದ ಮೊಮ್ಮಗನ ಮೇಜಿನ ಮೇಲೆ ಒಂದು ಪಾರದರ್ಶಕ ಪೆಟ್ಟಿಗೆ. ಅದರೊಳಗೆ ಮಣ್ಣು, ಅರ್ಧ ಕವುಚಿದ ಮರದ ತೊಗಟೆ, ನೀರಿನ ಸಣ್ಣ ತಟ್ಟೆ. ತೊಗಟೆಯ ನೆರಳಿನಲ್ಲಿ ನನ್ನ ಅಂಗೈಯಷ್ಟು ಅಗಲದ, ಮೈಯೆಲ್ಲ ನಸುಗೆಂಪು ರೋಮ ತುಂಬಿದ ಒಂದು ಜೇಡ!

ನೆರೆಮನೆಯ ಕಾಲೇಜು ಹುಡುಗನೊಬ್ಬ ಊರು ಬಿಟ್ಟು ಹೋಗುವಾಗ ಅದನ್ನು ಇವನ ಕೈಗೆ ಒಪ್ಪಿಸಿದ್ದನಂತೆ. ಮೊಮ್ಮಗನಿಗೆ ಅದೇ ಮೊದಲ ಸಾಕುಪ್ರಾಣಿ. ಅದು ಟರಾಂಟುಲಾ ಎಂಬ ದೊಡ್ಡ ಜೇಡಗಳ ಕುಲದ್ದು; ‘ಚಿಲಿ ರೋಸ್’ ಎಂದು ಅದರ ವ್ಯವಹಾರನಾಮ; ದಕ್ಷಿಣ ಅಮೆರಿಕದ ಚಿಲಿ ದೇಶದ ಕುರುಚಲು ಬಯಲು ಅದರ ತವರು. ಅಲ್ಲಿ ಅದು ಬಿಲದಲ್ಲಿ ವಾಸಿಸುತ್ತದೆ. ಹೆಣ್ಣಾದರೆ ಇಪ್ಪತ್ತು ವರ್ಷ ಬದುಕುವುದೂ ಉಂಟು. ಟರಾಂಟುಲಾ ಎಂಬ ಹೆಸರು ಮಾತ್ರ ಇಟಲಿಯ ಟಾರಾಂಟೊ ಎಂಬ ಊರಿನ ಬೇರೊಂದು ಜೇಡದಿಂದ ಬಂದದ್ದಂತೆ.

ಸೊಸೆ ನನ್ನನ್ನು ಪಕ್ಕಕ್ಕೆ ಕರೆದು, “ಮಾವಾ, ನಮ್ಮ ಮನೆಯಲ್ಲಿ ಇದು ಇರಬಹುದೇ? ಇದಕ್ಕೆ ಜೀವಂತ ಹುಳು ಹಾಕಬೇಕು. ನೀವಾದರೂ ಅವನಿಗೆ ತಿಳಿಹೇಳಿ,” ಎಂದಳು. ರಾತ್ರಿಯ ಹೊತ್ತು ಚಿರ್ರೆನ್ನುವ ಮಿಡತೆಜಾತಿಯ ಹುಳುಗಳನ್ನು ಅಲ್ಲಿ ಅಂಗಡಿಗಳಲ್ಲಿ ಡಬ್ಬಿಗೆ ತುಂಬಿ ಮಾರುತ್ತಾರೆ. ಹದಿನೈದು ದಿನಕ್ಕೊಮ್ಮೆ ಮೊಮ್ಮಗ ಒಂದೆರಡನ್ನು ಪೆಟ್ಟಿಗೆಯೊಳಗೆ ಬಿಡುತ್ತಿದ್ದನು.

ನಾನು ಶಾಸ್ತ್ರದ ಮೊರೆಹೊಕ್ಕೆ. ಶ್ರಾವಕನು ವರ್ಜಿಸಬೇಕಾದ ಹದಿನೈದು ಖರಕರ್ಮಗಳಲ್ಲಿ ‘ಅಸತೀಪೋಷಣ’ ಎಂಬುದೊಂದಿದೆ. ಪ್ರಾಣಿಘಾತಕ ಜೀವಿಗಳನ್ನು ಸಾಕುವುದು ಅದರಲ್ಲಿ ಸೇರುತ್ತದೆ. ಅಲ್ಲಿಗೆ ತೀರ್ಪು ಮುಗಿಯಿತೆಂದು ಭಾವಿಸಿದೆ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನೆದಾಗ ತೀರ್ಪು ಅಷ್ಟು ಸುಲಭವಾಗಿ ಉಳಿಯಲಿಲ್ಲ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪೆಟ್ಟಿಗೆಯಲ್ಲಿಟ್ಟರೆ ಬಂಧ, ಹುಳು ಹಾಕದಿದ್ದರೆ ಅನ್ನಪಾನನಿರೋಧ, ಹಾಕಿದರೆ ಆ ಹುಳುಗಳ ಹಿಂಸೆ. ಹೊರಗೆ ಬಿಟ್ಟುಬಿಡೋಣವೆಂದರೆ ಲೆಸ್ಟರಿನ ಚಳಿಗಾಲದಲ್ಲಿ ಅದಕ್ಕೆ ಮರಣ ನಿಶ್ಚಿತ. ಬೇರೆ ಯಾರಿಗಾದರೂ ಕೊಟ್ಟರೆ ಹಿಂಸೆ ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ವ್ಯಾಪಾರದಲ್ಲಿ ಕೆಟ್ಟ ಸಾಲವನ್ನು ಇನ್ನೊಬ್ಬರ ಖಾತೆಗೆ ವರ್ಗಾಯಿಸಿ ಲೆಕ್ಕ ಚೊಕ್ಕಟವಾಯಿತೆಂದು ಹೇಳುವವರನ್ನು ನಾನು ಕಂಡಿದ್ದೇನೆ.

ಈ ನಡುವೆ ಮನೆಯಲ್ಲಿ ಚಳಿಯ ಪ್ರಶ್ನೆ ಎದ್ದಿತು. ಆ ವರ್ಷ ಬ್ರಿಟನ್ನಿನಲ್ಲಿ ವಿದ್ಯುತ್ತು ಮತ್ತು ಅನಿಲದ ಬೆಲೆ ವಿಪರೀತ ಏರಿತ್ತು. ಸಾಮಾನ್ಯ ಕುಟುಂಬವೊಂದರ ವಾರ್ಷಿಕ ವೆಚ್ಚ ಸುಮಾರು ೨,೫೦೦ ಪೌಂಡುಗಳಷ್ಟಾಗುವಂತೆ ಸರಕಾರವೇ ಅಕ್ಟೋಬರ್ ೧ರಿಂದ ದರಕ್ಕೆ ಮಿತಿ ಹಾಕಿತ್ತು. ಮಗನು ಮನೆಯ ಉಷ್ಣತೆಯನ್ನು ೧೮ ಡಿಗ್ರಿಗೆ ಇಳಿಸಿ, ರಾತ್ರಿ ಪೂರ್ಣ ನಿಲ್ಲಿಸುತ್ತಿದ್ದನು. ನಾವು ಶಾಲು ಹೊದ್ದುಕೊಳ್ಳಬಹುದು. ಜೇಡಕ್ಕೆ ತನ್ನ ಮೈಯಲ್ಲಿ ತಾನೇ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯಿಲ್ಲ. ಸುತ್ತಣ ಗಾಳಿ ಎಷ್ಟು ಬೆಚ್ಚಗಿದೆಯೋ ಅದರ ಮೈ ಅಷ್ಟೇ ಬೆಚ್ಚಗೆ.

ಮೊಮ್ಮಗನು ಇದಕ್ಕೆ ಮಾಡಿದ್ದ ವ್ಯವಸ್ಥೆಯನ್ನು ನಾನು ಮೆಚ್ಚಲೇಬೇಕಾಯಿತು. ಪೆಟ್ಟಿಗೆಯ ಒಂದು ಪಕ್ಕದ ಗೋಡೆಗೆ ಹೊರಗಿನಿಂದ ಏಳು ವಾಟ್ಟಿನ ಒಂದು ಬಿಸಿಹಾಳೆಯನ್ನು ಒರಗಿಸಿದ್ದನು. ಶಾಖ ಮಿತಿಮೀರಿದರೆ ವಿದ್ಯುತ್ತನ್ನು ತಾನಾಗಿ ಕಡಿಯುವ ನಿಯಂತ್ರಕವೊಂದಿತ್ತು. ಅದರ ತಂತಿಯ ತುದಿಯನ್ನು ಹಾಳೆಗೂ ಪೆಟ್ಟಿಗೆಗೂ ನಡುವೆ ಇರಿಸಿದ್ದನು. ಒಳಗೆ ಮಣ್ಣಿನ ಮಟ್ಟದಲ್ಲಿಯೇ ಉಷ್ಣಮಾಪಕ. ಒಂದು ಪಕ್ಕ ೨೨-೨೩ ಡಿಗ್ರಿ, ಇನ್ನೊಂದು ಪಕ್ಕ ತಂಪು. ಬೇಕಾದ ಕಡೆಗೆ ಅದು ತಾನೇ ಸರಿದುಕೊಳ್ಳುವುದು. ನಾನು ಖರ್ಚು ಲೆಕ್ಕ ಹಾಕಿದೆ. ಏಳು ವಾಟ್, ಇಪ್ಪತ್ತನಾಲ್ಕು ಗಂಟೆ: ದಿನಕ್ಕೆ ಒಂದು ಯೂನಿಟ್ಟಿನ ಆರನೆಯ ಒಂದು ಭಾಗ. ಯೂನಿಟ್ಟಿಗೆ ಅಂದಿನ ದರ ಸುಮಾರು ೩೪ ಪೆನ್ಸ್. ದಿನಕ್ಕೆ ಆರು ಪೆನ್ಸಿಗೂ ಕಡಿಮೆ. ಆ ಕೋಣೆಯನ್ನು ೧,೫೦೦ ವಾಟ್ಟಿನ ಹೀಟರಿನಿಂದ ಹತ್ತು ಗಂಟೆ ಕಾಯಿಸಿದರೆ ಐದು ಪೌಂಡು ದಾಟುತ್ತಿತ್ತು.

ಅವನು ಇನ್ನೊಂದು ಸಂಗತಿಯನ್ನೂ ಹೇಳಿದನು. “ಅಜ್ಜಾ, ಇದನ್ನು ಹೆಚ್ಚು ಬಿಸಿಯಲ್ಲಿ ಇಟ್ಟರೆ ಬೇಗ ಬೆಳೆಯುತ್ತದೆ, ಆಗ ಹಸಿವೂ ಹೆಚ್ಚು. ತಂಪಿದ್ದರೆ ನಿಧಾನ. ಈ ಜಾತಿ ತಿಂಗಳುಗಟ್ಟಲೆ ಏನೂ ತಿನ್ನದೆ ತಾನಾಗಿಯೇ ಉಪವಾಸ ಇರುವುದೂ ಉಂಟು.” ಈ ಮಾತು ನನ್ನನ್ನು ಚಿಂತೆಗೆ ಹಚ್ಚಿತು. ಹಾಗಾದರೆ ನಿಯಂತ್ರಕದ ಆ ಗುಂಡಿಯನ್ನು ಒಂದು ಡಿಗ್ರಿ ಮೇಲಕ್ಕೆ ತಿರುಗಿಸಿದರೆ ಮಿಡತೆಹುಳುಗಳ ಲೆಕ್ಕ ಏರುತ್ತದೆ. ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಜೇಡಕ್ಕೆ ಬಾಧೆಯಾಗದಂತೆ, ಹುಳುಗಳ ಸಾವು ಅತ್ಯಲ್ಪವಾಗುವಂತೆ ಇರುವ ಬಿಂದು ಯಾವುದು? ಅಹಿಂಸೆಯನ್ನು ನಾನು ಅಂದಿನವರೆಗೆ ಹೌದು-ಅಲ್ಲಗಳ ವಿಷಯವೆಂದು ತಿಳಿದಿದ್ದೆ. ಅದು ಡಿಗ್ರಿಗಳಲ್ಲಿ ಅಳೆಯಬೇಕಾದುದೂ ಆಗಬಹುದೆಂದು ನನಗೆ ಹೊಳೆದಿರಲಿಲ್ಲ. ಇಪ್ಪತ್ತೆರಡರ ಹತ್ತಿರ ಇರಲಿ, ಅದಕ್ಕಿಂತ ಏರಿಸುವುದು ಬೇಡ ಎಂದು ಅಜ್ಜ-ಮೊಮ್ಮಗ ಒಪ್ಪಿಕೊಂಡೆವು.

ಡಿಸೆಂಬರ್ ಎರಡನೆಯ ವಾರದಲ್ಲಿ ಇಡೀ ಬ್ರಿಟನ್ನನ್ನು ತೀವ್ರ ಶೀತ ಆವರಿಸಿತು. ಅದೇ ಹೊತ್ತಿಗೆ ಮೊಮ್ಮಗನು ಶಾಲೆಯ ಪ್ರವಾಸಕ್ಕೆಂದು ನಾಲ್ಕು ದಿನ ಹೊರಟನು. ಜೇಡದ ಜವಾಬ್ದಾರಿ ನನ್ನದಾಯಿತು. “ಆಹಾರ ಬೇಡ ಅಜ್ಜಾ, ಹಾಕಿ ವಾರವೂ ಆಗಿಲ್ಲ. ನೀರಿನ ತಟ್ಟೆ ಒಣಗದಿದ್ದರೆ ಸಾಕು. ಉಳಿದದ್ದು ಬರೆದಿಟ್ಟಿದ್ದೇನೆ,” ಎಂದು ಒಂದು ಹಾಳೆಯನ್ನು ಕೊಟ್ಟುಹೋದನು. ಹುಳು ಹಾಕುವ ಪ್ರಸಂಗ ಬರಲಿಲ್ಲವಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ.

ಎರಡನೆಯ ರಾತ್ರಿ ಮನೆಯ ಬಾಯ್ಲರ್ ಕೆಟ್ಟಿತು. ಕೋಣೆಯ ಉಷ್ಣಮಾಪಕ ೧೩ ಡಿಗ್ರಿ ತೋರಿಸುತ್ತಿತ್ತು. ಜೇಡವು ಕಾಲುಗಳನ್ನು ಹತ್ತಿರಕ್ಕೆ ಎಳೆದುಕೊಂಡು ಅಲುಗಾಡದೆ ಕುಳಿತಿತ್ತು. ಮಗು ನಂಬಿ ಒಪ್ಪಿಸಿದ ಜೀವ ನನ್ನ ಕೈಯಲ್ಲಿ ಹೋಗುವುದೇ ಎಂಬ ಭಯ ನನ್ನನ್ನು ಹಿಡಿಯಿತು. ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದನ್ನು ಬಾಲ್ಯದಲ್ಲಿ ಕಂಡವನು ನಾನು. ಬಿಸಿಯೆಂದರೆ ಕೆಳಗಿನಿಂದಲೇ ಕೊಡಬೇಕೆಂಬುದು ನನ್ನ ಬುದ್ಧಿ. ಗೋಡೆಯ ಬಿಸಿಹಾಳೆಯನ್ನು ತೆಗೆದು ಪೆಟ್ಟಿಗೆಯ ಅಡಿಗೆ ಹಾಸಿದೆ. ನಿಯಂತ್ರಕದ ತಂತಿ ಅದರಿಂದ ಕಳಚಿ ಮೇಜಿನ ತಣ್ಣನೆಯ ಹಲಗೆಯ ಮೇಲೆ ಬಿದ್ದುದನ್ನು ಗಮನಿಸಲಿಲ್ಲ. ನನ್ನ ಉಣ್ಣೆಯ ಶಾಲನ್ನು ಮಡಚಿ ಪೆಟ್ಟಿಗೆಗೆ ಹೊದಿಸಿದೆ. ಣಮೋಕಾರ ಮಂತ್ರ ಜಪಿಸಿ ಮಲಗಿದೆ. ಒಳ್ಳೆಯ ಕಾರ್ಯ ಮಾಡಿದೆನೆಂಬ ತೃಪ್ತಿಯಿಂದ ನಿದ್ರೆಯೂ ಬಂದಿತು.

ಬೆಳಗ್ಗೆ ಶಾಲು ಸರಿಸಿ ನೋಡಿದರೆ ಮಣ್ಣು ಸುಟ್ಟ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ನೀರಿನ ತಟ್ಟೆ ಒಣಗಿತ್ತು. ಉಷ್ಣಮಾಪಕದಲ್ಲಿ ೩೬. ಜೇಡವು ನುಣುಪಾದ ಗೋಡೆಯನ್ನು ಹೇಗೋ ಏರಿ ಮುಚ್ಚಳದ ಗಾಳಿರಂಧ್ರಗಳಿಗೆ ಮೈಯೊತ್ತಿ ನಿಂತಿತ್ತು. ನಾನು ನಡುಗುವ ಕೈಯಿಂದ ಆ ಹಾಳೆಯನ್ನು ಮತ್ತೆ ಓದಿದೆ, ಮಗುಚಿದೆ. ಹಿಂಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: ಕೆಳಗಿನಿಂದ ಬಿಸಿ ಕೊಡಬಾರದು, ಪೆಟ್ಟಿಗೆ ಮುಚ್ಚಬಾರದು, ಒಂದೆರಡು ರಾತ್ರಿ ತಣ್ಣಗಿದ್ದರೆ ಇದು ಸಾಯುವುದಿಲ್ಲ, ಅತಿ ಬಿಸಿಯಾದರೆ ಸಾಯುತ್ತದೆ. ನಲವತ್ತು ವರ್ಷ ಲೆಕ್ಕಪುಸ್ತಕ ಬರೆದವನು ಪುಟದ ಹಿಂಬದಿಯನ್ನು ನೋಡದೆ ಶಿಲ್ಕು ಎಣಿಸಿದ್ದೆ.

ಕಾರಣ ತಿಳಿದಾಗ ನಾಚಿಕೆ ಇಮ್ಮಡಿಯಾಯಿತು. ಬಿಲದಲ್ಲಿ ವಾಸಿಸುವ ಈ ಜೀವಿ ಮೇಲೆ ಬಿಸಿಲು ಉರಿದಾಗ ತಂಪಿಗಾಗಿ ಕೆಳಕ್ಕೆ ಇಳಿಯುತ್ತದೆ. ಅದರ ಸಹಜಪ್ರವೃತ್ತಿಗೆ ನೆಲದಾಳವೇ ಆಶ್ರಯ. ಆ ಆಶ್ರಯಕ್ಕೇ ನಾನು ಬೆಂಕಿ ಇಟ್ಟಿದ್ದೆ. ಮೇಲೆ ಏರಿದುದೂ ಅಪಾಯವೇ. ಟರಾಂಟುಲಾದ ಉದರ ಬಹು ಕೋಮಲ, ಎತ್ತರದಿಂದ ಬಿದ್ದರೆ ಒಡೆದುಹೋಗುವುದು. ದೀಪದ ಶಾಖವೂ ಅದಕ್ಕೆ ಒಗ್ಗದು, ಮೈಯ ತೇವ ಆರಿಹೋಗುತ್ತದೆ. ಇವೆಲ್ಲ ಆ ಹಾಳೆಯಲ್ಲಿಯೇ ಇದ್ದವು.

ಬಿಸಿಹಾಳೆಯನ್ನು ತೆಗೆದೆ, ಶಾಲನ್ನು ಸರಿಸಿದೆ, ತಟ್ಟೆಗೆ ಸೋಸಿದ ನೀರು ತುಂಬಿದೆ, ಕೆಳಗೆ ಪೆಟ್ಟು ತಾಗದಂತೆ ಪೆಟ್ಟಿಗೆಯನ್ನು ಅಲುಗಿಸದೆ ಕಾದು ಕುಳಿತೆ. ಆ ದಿನ ನಾನು ಅನ್ನ ಮುಟ್ಟಲಿಲ್ಲ. ಮಣ್ಣು ತಣಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅದು ಒಂದೊಂದೇ ಕಾಲನ್ನು ಊರುತ್ತ ಕೆಳಗಿಳಿಯಿತು. ಸಂಜೆ ತಟ್ಟೆಯ ಅಂಚಿಗೆ ಬಾಯಿಟ್ಟು ಬಹಳ ಹೊತ್ತು ನಿಂತಿತು. ನೀರು ಕುಡಿಯುತ್ತಿತ್ತು. ನಮ್ಮ ಆಗಮದ ಎಣಿಕೆಯಲ್ಲಿ ಜೇಡವು ಚತುರಿಂದ್ರಿಯ ಜೀವಿ; ಅದಕ್ಕೆ ಕಿವಿಯಿಲ್ಲ. ಆದರೂ ನಾನು ಅದರ ಮುಂದೆ ಗಟ್ಟಿಯಾಗಿಯೇ ಕ್ಷಮೆ ಬೇಡಿದೆ. ಮಗನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡನು, ನಗಲಿಲ್ಲ.

ಪ್ರಮಾದಯುಕ್ತವಾಗಿ ಪ್ರಾಣಕ್ಕೆ ಕುತ್ತು ತರುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ಈ ಸೂತ್ರವನ್ನು ನಾನೇ ಬಸದಿಯಲ್ಲಿ ಎಷ್ಟೋ ಸಲ ಕಿರಿಯರಿಗೆ ವಿವರಿಸಿದ್ದೆ. ದ್ವೇಷದಿಂದ ಮಾತ್ರವೇ ಪ್ರಮಾದವಾಗುತ್ತದೆಂದು ಎಲ್ಲೋ ಒಳಗೆ ನಂಬಿದ್ದೆನೋ ಏನೋ. ಆ ರಾತ್ರಿ ನನ್ನಲ್ಲಿ ದ್ವೇಷದ ಲೇಶವೂ ಇರಲಿಲ್ಲ, ದಯೆಯೇ ತುಂಬಿತ್ತು. ಆದರೆ ಅದು ಆ ಜೀವದ ಸ್ವಭಾವವನ್ನು ವಿಚಾರಿಸದ, ನನ್ನ ಚಳಿಯನ್ನೇ ಅದರ ಚಳಿಯೆಂದು ಬಗೆದ ದಯೆ. ಯತ್ನಾಚಾರವಿಲ್ಲದ ದಯೆಯೂ ಪ್ರಮಾದವೇ.

ಮೊಮ್ಮಗನು ಬಂದಾಗ ನಡೆದುದನ್ನು ಮುಚ್ಚಿಡದೆ ಹೇಳಿದೆ. ಅವನು ಜೇಡವನ್ನು ದೀರ್ಘಕಾಲ ಪರೀಕ್ಷಿಸಿ, “ಪರವಾಗಿಲ್ಲ ಅಜ್ಜಾ, ಹೊಟ್ಟೆ ಸುಕ್ಕುಗಟ್ಟಿಲ್ಲ,” ಎಂದನು. ಆ ಸಮಯ ನೋಡಿ ನಾನು ಹುಳುಗಳ ವಿಷಯ ಎತ್ತಿದೆ. ಇದು ಬದುಕಿರುವಷ್ಟು ಕಾಲ ಸಾಕು. ಆದರೆ ಇನ್ನೊಂದನ್ನು ಕೊಂಡುತರಬೇಡ, ಸಂತಾನ ಬೆಳೆಸಬೇಡ ಎಂದೆ. ನಮ್ಮ ದೇಶದ ಕಾಡುಗಳಲ್ಲಿ ಮರದ ಪೊಟರೆಗಳಲ್ಲಿರುವ ದೊಡ್ಡ ಜೇಡಗಳಿಗೂ ಹೊರದೇಶಗಳಲ್ಲಿ ಬೇಡಿಕೆಯಿದ್ದು, ಆ ಕುಲವನ್ನು ೨೦೧೯ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಕೊಳ್ಳುವವರಿದ್ದರೆ ಹಿಡಿಯುವವರು ಹುಟ್ಟುತ್ತಾರೆ ಎಂದು ವ್ಯಾಪಾರಿಯಾಗಿ ಅವನಿಗೆ ತಿಳಿಸಿದೆ.

ಅವನು ಒಪ್ಪಿದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಾ, ನಮ್ಮ ಅಂಗಡಿಯಲ್ಲಿ ರೇಷ್ಮೆ ಸೀರೆ ಮಾರುತ್ತೇವಲ್ಲ, ಒಂದು ಸೀರೆಗೆ ಎಷ್ಟು ಹುಳು?” ಎಂದು ಕೇಳಿದನು. ಅದರಲ್ಲಿ ಉದ್ಧಟತನ ಇರಲಿಲ್ಲ. ಅವನಿಗೆ ತಿಳಿಯಬೇಕಾಗಿತ್ತು, ಕೇಳಿದನು.

ಸಾವಿರಾರು ಎಂದೆ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲಿನ ಎಳೆ ತುಂಡಾಗುತ್ತದೆಂದು, ಅದಕ್ಕೆ ಮುಂಚೆಯೇ ಆವಿಯಿಂದಲೋ ಬಿಸಿಗಾಳಿಯಿಂದಲೋ ಅದನ್ನು ಕೊಲ್ಲುತ್ತಾರೆ. ಆಮೇಲೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಣ್ಣಾರೆ ಕಂಡವನು ನಾನು. ಖರಕರ್ಮಗಳ ಪಟ್ಟಿಯಲ್ಲಿ ಅರಗಿನ ವ್ಯಾಪಾರವಿದೆ, ವಿಷದ ವ್ಯಾಪಾರವಿದೆ. ಆ ಹದಿನೈದು ಹೆಸರುಗಳಲ್ಲಿ ರೇಷ್ಮೆಯ ಹೆಸರಿಲ್ಲವೆಂದು ನಾನು ನಾಲ್ಕು ದಶಕ ನೆಮ್ಮದಿಯಿಂದ ಇದ್ದೆ. ಮೊಮ್ಮಗನ ಹದಿನೈದು ದಿನಕ್ಕೆರಡು ಹುಳುಗಳಿಗೆ ಶಾಸ್ತ್ರ ತೆರೆದವನು ನನ್ನ ಒಂದು ಕಪಾಟಿಗೆ ಅದನ್ನು ತೆರೆದಿರಲಿಲ್ಲ. ಇದೂ ಪುಟದ ಹಿಂಬದಿಯೇ.

ಊರಿಗೆ ಮರಳಿದ ಮೇಲೆ ಹುಬ್ಬಳ್ಳಿಯಲ್ಲಿರುವ ಹಿರಿಯ ಮಗನೊಡನೆ ಮಾತಾಡಿದೆ. ವಾದವಾಯಿತು, ಮದುವೆಯ ಕಾಲದ ಗಿರಾಕಿಗಳು ಕೈತಪ್ಪುವರೆಂಬ ಅವನ ಮಾತು ಸುಳ್ಳಲ್ಲ. ಕೊನೆಗೆ ೨೦೨೩ರ ದೀಪಾವಳಿಯಂದು, ಭಗವಾನ್ ಮಹಾವೀರರ ನಿರ್ವಾಣಪೂಜೆಯ ತರುವಾಯ ಹೊಸ ಲೆಕ್ಕ ತೆರೆಯುವಾಗ, ರೇಷ್ಮೆಯ ಹೊಸ ಖರೀದಿಯ ಖಾತೆ ತೆರೆಯಲಿಲ್ಲ. ಇದ್ದ ದಾಸ್ತಾನನ್ನು ಮಾರಿದೆವು. ಅದರ ಪಾಪವನ್ನು ನಾನು ಅಲ್ಲಗಳೆಯುವುದಿಲ್ಲ. ವಹಿವಾಟು ಕುಗ್ಗಿರುವುದೂ ನಿಜ.

ಆ ಜೇಡ ಇನ್ನೂ ಬದುಕಿದೆ. ಚಳಿಗಾಲ ಬಂದಾಗ ಮೊಮ್ಮಗನು ದೂರವಾಣಿಯಲ್ಲಿ ಮೊದಲು ನನ್ನ ಮಂಡಿನೋವನ್ನು ವಿಚಾರಿಸುತ್ತಾನೆ. ಆಮೇಲೆ ಪೆಟ್ಟಿಗೆಯ ಉಷ್ಣತೆಯನ್ನು ಓದಿ ಹೇಳುತ್ತಾನೆ. ಇಪ್ಪತ್ತೆರಡು ಎಂದರೆ ನನಗೆ ನೆಮ್ಮದಿ.