ಸೇಂಟ್ ಆಂಡ್ರ್ಯೂಸ್‌ನಲ್ಲಿ ಹೆಗಲಿಗೊಂದು ಚೀಲ

ಎಡಿನ್‌ಬರೋದಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಲೂಕರ್ಸ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿದರೆ ಹತ್ತು ಹದಿನೈದು ನಿಮಿಷಗಳಲ್ಲಿ ಸೇಂಟ್ ಆಂಡ್ರ್ಯೂಸ್. ಊರೊಳಗೇ ಬರುತ್ತಿದ್ದ ರೈಲು 1969ರಲ್ಲಿ ನಿಂತುಹೋಯಿತು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಈ ಪುಟ್ಟ ಊರು ಎರಡು ಕಾರಣಗಳಿಗೆ ಹೆಸರುವಾಸಿ. ಒಂದು, 1413ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ. ಇನ್ನೊಂದು ಗಾಲ್ಫ್. ನನ್ನ ಮಗಳು ಮೊದಲನೆಯದಕ್ಕೆಂದು ಹೋಗಿ ಎರಡನೆಯದನ್ನೂ ಅಂಟಿಸಿಕೊಂಡಳು. ಬೇಸಿಗೆ ರಜೆಯಲ್ಲಿ ಅವಳನ್ನು ನೋಡಲು ಹೋದಾಗ ಅವಳಿಗೊಂದು ಗಾಲ್ಫ್ ಚೀಲ ಕೊಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಗಾಲ್ಫ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಎತ್ತರದ ಬೇಲಿ, ಗೇಟಿನಲ್ಲಿ ಕಾವಲುಗಾರ, ಒಳಗೆ ಸಾಹೇಬರು, ಅವರ ಹಿಂದೆ ಚೀಲ ಹೊತ್ತ ಕ್ಯಾಡಿ. ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆ; ನನ್ನ ವಿದ್ಯಾರ್ಥಿಗಳು ಅದರ ಬೇಲಿಯನ್ನಷ್ಟೇ ಬಲ್ಲರು. ಸೇಂಟ್ ಆಂಡ್ರ್ಯೂಸ್‌ನಲ್ಲಿ ಊರಿನ ಬೀದಿ ಮುಗಿಯುವಲ್ಲಿ ಆಟದ ಹುಲ್ಲು ಶುರುವಾಗುತ್ತದೆ. ಜಗತ್ಪ್ರಸಿದ್ಧ ಓಲ್ಡ್ ಕೋರ್ಸ್‌ನ ನಡುವೆಯೇ ಒಂದು ಸಾರ್ವಜನಿಕ ರಸ್ತೆ ಹಾದುಹೋಗುತ್ತದೆ! ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಊರವರು ನಾಯಿಗಳೊಂದಿಗೆ, ಮಕ್ಕಳ ತಳ್ಳುಗಾಡಿಗಳೊಂದಿಗೆ ಅಡ್ಡಾಡುತ್ತಾರೆ. ನಾವಿಬ್ಬರೂ ಅಡ್ಡಾಡಿದೆವು. ಸ್ವಿಲ್ಕನ್ ಎಂಬ ತೊರೆಯ ಮೇಲಿನ ಪುಟ್ಟ ಕಲ್ಲುಸೇತುವೆಯಲ್ಲಿ ಎಲ್ಲರಂತೆ ಫೋಟೋ ತೆಗೆಸಿಕೊಂಡೆವು.

ಅಲ್ಲಿ ಮಗಳು ತೋರಿಸಿದ ಒಂದು ಸೋಜಿಗ ಹೇಳಲೇಬೇಕು. ಚೆಂಡು ಬೀಳಬೇಕಾದ ಕುಳಿಯ ಸುತ್ತ ಗ್ರೀನ್ ಎಂಬ ನುಣುಪು ಹುಲ್ಲಿನ ಅಂಗಳವಿರುತ್ತದೆ. ಓಲ್ಡ್ ಕೋರ್ಸ್‌ನಲ್ಲಿ ಏಳು ಗ್ರೀನುಗಳಿಗೆ ಎರಡೆರಡು ಕುಳಿ. 2ನೆಯದರ ಜೊತೆ 16ನೆಯದು, 3ರ ಜೊತೆ 15, 4ರ ಜೊತೆ 14, ಹೀಗೆ 8ರ ಜೊತೆ 10ರವರೆಗೆ. ಯಾವ ಜೋಡಿ ಕೂಡಿಸಿದರೂ 18! ಗಣಿತದ ಮೇಷ್ಟ್ರುಗಳು ಗಮನಿಸಬೇಕು.

ಇಲ್ಲಿ ಆಡುವುದೆಂದರೆ ನಡೆಯುವುದು. ಹದಿನೆಂಟು ಕುಳಿ ಮುಗಿಸುವಷ್ಟರಲ್ಲಿ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ, ನಾಲ್ಕು ಗಂಟೆ ಹಿಡಿಯುತ್ತದೆ. ಕ್ಯಾಡಿಗೆ ಕೊಡುವ ಹಣ ವಿದ್ಯಾರ್ಥಿಗೆಲ್ಲಿ? ಹೆಗಲೇ ಗತಿ. ಮಗಳಿಗೆ ಯಾರೋ ಹಿರಿಯರು ತಮ್ಮ ಹಳೆಯ ದೊಡ್ಡ ಚೀಲವನ್ನು ಕೊಟ್ಟಿದ್ದರು. ಪಿಯುಸಿ ದಿನಗಳಲ್ಲಿ ಒಂದೇ ಹೆಗಲಿಗೆ ಚೀಲ ಜೋತುಹಾಕಿಕೊಂಡು ಕಾಲೇಜು, ಟ್ಯೂಷನ್ ಎಂದು ತಿರುಗಿ ಬೆನ್ನುನೋವು ತಂದುಕೊಂಡಿದ್ದವಳು ಅವಳು. ಇಲ್ಲಿ ಒಂಬತ್ತು ಕುಳಿ ಮುಗಿಸುವಷ್ಟರಲ್ಲಿ ಅದೇ ನೋವು ಮರುಕಳಿಸುತ್ತಿತ್ತು. “ಆಟ ಬಿಟ್ಟುಬಿಡೋಣ ಅಂತಿದ್ದೀನಿ ಅಪ್ಪ” ಎಂದಳು. ಪರದೇಶದಲ್ಲಿ ಒಬ್ಬಳೇ ಇರುವ ಹುಡುಗಿಗೆ ಸಂಜೆಯ ಗಾಳಿ, ನಾಲ್ಕು ಜನ ಸ್ನೇಹಿತರು ಸಿಕ್ಕಿದ್ದೇ ಈ ಆಟದಿಂದ. ಒಂದು ಚೀಲಕ್ಕಾಗಿ ಅದನ್ನು ಬಿಡುವುದೆಂದರೇನು?

ವಿಮಾನದ ಸಾಮಾನು ತೂಗಲು ಒಯ್ದಿದ್ದ ಕೈತಕ್ಕಡಿ ನನ್ನಲ್ಲಿತ್ತು. ಅವಳ ಕೋಣೆಯಲ್ಲಿಯೇ ಪ್ರಯೋಗಶಾಲೆ ತೆರೆದೆ. ಹದಿನಾಲ್ಕು ಕ್ಲಬ್ಬುಗಳು, ಅಂದರೆ ಚೆಂಡು ಹೊಡೆಯುವ ಕೋಲುಗಳು, ಐದೂವರೆ ಕೆ.ಜಿ. ಮೀರಿದವು. ಬರಿಯ ಚೀಲವೇ ನಾಲ್ಕು ಕೆ.ಜಿ. ನಿಯಮದ ಪ್ರಕಾರ ಗಾಲ್ಫ್ ಚೆಂಡು 45.93 ಗ್ರಾಂ ಮೀರುವಂತಿಲ್ಲ. ಚಿಕ್ಕದೆಂದು ಅಸಡ್ಡೆ ಮಾಡಿ ಡಜನ್ ತುಂಬಿದರೆ ಅರ್ಧ ಕೆ.ಜಿ. ದಾಟಿತು. ಒಂದು ಲೀಟರ್ ನೀರು, ಕೊಡೆ, ಮಳೆಯಂಗಿ ಎಲ್ಲ ಸೇರಿ ಹನ್ನೆರಡು ಕೆ.ಜಿ. ಹೊರುವವಳ ತೂಕ ಐವತ್ತೈದು. ನಮ್ಮ ದೇಶದ 2020ರ ಶಾಲಾ ಚೀಲ ನೀತಿಯ ಪ್ರಕಾರ ಮಗುವಿನ ಚೀಲ ಅದರ ತೂಕದ ಶೇಕಡ ಹತ್ತನ್ನು ಮೀರಬಾರದು. ಮಕ್ಕಳಿಗಾಗಿ ಮಾಡಿದ ಲೆಕ್ಕ ಅದು, ನಿಜ. ಆದರೂ ಶೇಕಡ ಇಪ್ಪತ್ತು ದಾಟಿದ್ದು ಕಂಡು ನಾನು ತಲೆಯಾಡಿಸಿದೆ.

ತರಗತಿಯಲ್ಲಿ ಪ್ರತಿ ವರ್ಷ ಒಬ್ಬನಾದರೂ ಕೇಳುವ ಪ್ರಶ್ನೆಯಿದೆ. ಹೊರೆಯನ್ನು ಸಮತಟ್ಟಾಗಿ ಹೊತ್ತು ನಡೆದರೆ ಮಾಡಿದ ಕೆಲಸ ಸೊನ್ನೆ ಎನ್ನುತ್ತದೆ ಪಠ್ಯಪುಸ್ತಕ. ಹಾಗಿದ್ದರೆ ರೈಲು ನಿಲ್ದಾಣದ ಹಮಾಲಿ ಬೆವರುವುದೇಕೆ ಸಾರ್? ಪುಸ್ತಕ ಹೇಳುವುದು ಹೊರೆಯ ಮೇಲೆ ಆದ ಕೆಲಸವನ್ನು. ಹಮಾಲಿಯ ಸ್ನಾಯುಗಳು ಭಾರವನ್ನು ಸುಮ್ಮನೆ ಹಿಡಿದು ನಿಂತಿರುವುದಕ್ಕೂ ಶಕ್ತಿ ಸುಡುತ್ತಲೇ ಇರುತ್ತವೆ. ಭಾರ ಒಂದೇ ಹೆಗಲಲ್ಲಿದ್ದರೆ ತೊಂದರೆ ಇನ್ನೂ ಹೆಚ್ಚು. ಬೆನ್ನುಮೂಳೆಯನ್ನು ತಕ್ಕಡಿಯ ನಡುಗಂಬವೆಂದುಕೊಳ್ಳಿ. ಹೊರೆ ಎಷ್ಟು ದೂರ ಸರಿಯುತ್ತದೋ ಅಷ್ಟೂ ಎದುರು ಬದಿಯ ಸ್ನಾಯುಗಳು ಎಳೆದು ಸರಿದೂಗಿಸಬೇಕು. ಎರಡು ಪಟ್ಟಿಯ ಚೀಲ ಭಾರವನ್ನು ಬೆನ್ನುಮೂಳೆಯ ಹತ್ತಿರ ತರುತ್ತದೆ. ಶಾಲೆಯ ಚೀಲಕ್ಕೆ ಬಹಳ ಹಿಂದೆಯೇ ಇದ್ದ ಈ ಜೋಡಿಪಟ್ಟಿ ಗಾಲ್ಫ್ ಚೀಲದಲ್ಲಿ ಬಳಕೆಗೆ ಬಂದದ್ದು 1990ರ ದಶಕದಲ್ಲಿ ಎಂದರೆ ಆಶ್ಚರ್ಯವಲ್ಲವೇ?

ಹಿಂದಿನವರಿಗೆ ಚೀಲವೇ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಹೆಚ್ಚಿನ ಕಾಲ ಕ್ಯಾಡಿಗಳು ಏಳೆಂಟು ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡೇ ನಡೆದರು. ಕ್ಯಾನ್‌ವಾಸ್ ಚೀಲ ಬಂದದ್ದು ಆ ಶತಮಾನದ ಕೊನೆಗೆ. ಇಡಲು ಜಾಗ ಸಿಕ್ಕಿದ ಮೇಲೆ ಕೇಳಬೇಕೆ? ಕೋಲುಗಳು ಇಪ್ಪತ್ತು ದಾಟಿದವು. 1938ರಲ್ಲಿ ಅಮೆರಿಕದ ಸಂಸ್ಥೆ, 1939ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ, ಹದಿನಾಲ್ಕೇ ಸಾಕು ಎಂದು ಕಟ್ಟುಮಾಡಿದವು. ಹದಿನಾಲ್ಕು ಗರಿಷ್ಠ ಮಿತಿ. ಕನಿಷ್ಠ ಇಷ್ಟಿರಬೇಕೆಂಬ ನಿಯಮವಿಲ್ಲ. ಅದನ್ನೇಕೋ ಎಲ್ಲರೂ ಮರೆಯುತ್ತಾರೆ.

ಅಂಗಡಿಗೆ ಹೋಗುವಾಗ ಅವಳ ಕ್ಲಬ್ಬುಗಳನ್ನೂ ಒಯ್ದೆವು. ಚೀಟಿಯಲ್ಲಿ ಬರೆದಿರುವುದು ಖಾಲಿ ಚೀಲದ ತೂಕ. ಖಾಲಿ ಚೀಲವನ್ನು ಯಾರೂ ಹೊರುವುದಿಲ್ಲ. ಕ್ಲಬ್ಬು ತುಂಬಿ, ಪಟ್ಟಿ ಬಿಗಿಸಿ, ಅಂಗಡಿಯಲ್ಲೇ ಹತ್ತು ನಿಮಿಷ ನಡೆದು ನೋಡಬೇಕು. ತಳ ಸೊಂಟಕ್ಕೆ ಬಡಿಯುತ್ತಿದೆಯೇ? ಬಾಯಿಯ ಕಡೆ ಭಾರವಾಗಿ ಜಗ್ಗುತ್ತಿದೆಯೇ? ಪಟ್ಟಿ ಕುತ್ತಿಗೆಯ ಬುಡವನ್ನು ಒತ್ತುತ್ತಿದೆಯೇ? ಅಂಗಡಿಯಾತ ಮುಗುಳ್ನಗುತ್ತಾ ಬಾಗಿಲ ಹೊರಗೂ ನಡೆದು ಬರಲು ಬಿಟ್ಟ.

ಎಲ್ಲಕ್ಕಿಂತ ಹಗುರವಾದದ್ದು ಒಂದು ಕೆ.ಜಿ.ಯಷ್ಟಿದ್ದ ಕೊಳವೆಯಂಥ ಚೀಲ. ಮಗಳ ಮನಸ್ಸು ಅದರ ಮೇಲಿತ್ತು. ನಾನು ಒಪ್ಪಲಿಲ್ಲ. ಅದಕ್ಕೆ ಕಾಲುಗಳಿಲ್ಲ. ಒಂದು ಆಟದಲ್ಲಿ ಹತ್ತಾರು ಸಲ ನೆಲಕ್ಕೆ ಬಗ್ಗಿ ಚೀಲ ಎತ್ತಬೇಕು. ನೋಯುವ ಬೆನ್ನಿಗೆ ಹೊರುವುದಕ್ಕಿಂತ ಬಗ್ಗುವುದೇ ಕಷ್ಟ. ಸಾಲದ್ದಕ್ಕೆ ಸ್ಕಾಟ್ಲೆಂಡಿನ ಹುಲ್ಲು ಸದಾ ಒದ್ದೆ. ಮಲಗಿಸಿದ ಚೀಲ ನೀರು ಕುಡಿದು ಭಾರವಾಗುತ್ತದೆ. ಕಾಲಿರುವ ಚೀಲವನ್ನು ಕೊಂಚ ವಾಲಿಸಿ ನೆಲಕ್ಕೂರಿದರೆ ತಳದ ಕೀಲು ಒಂದು ಸರಳನ್ನು ಒತ್ತುತ್ತದೆ, ಎರಡು ಕಾಲುಗಳು ಚಾಚಿಕೊಳ್ಳುತ್ತವೆ. ಎತ್ತಿದರೆ ಮಡಚಿಕೊಳ್ಳುತ್ತವೆ. ಸರಳ ಸನ್ನೆಕೋಲಿನ ಇಷ್ಟು ಚೆಂದದ ಉದಾಹರಣೆ ನಮ್ಮ ಎಂಟನೇ ತರಗತಿಗೆ ಸಿಕ್ಕಿದ್ದರೆ ಎಂದುಕೊಂಡೆ. ಅದಕ್ಕಾಗಿ ಅರ್ಧ ಕೆ.ಜಿ. ಹೆಚ್ಚು ಹೊರುವುದು ನಷ್ಟವಲ್ಲ. ಕೊನೆಗೆ ಒಂದೂವರೆ ಕೆ.ಜಿ.ಯ, ಜೋಡಿಪಟ್ಟಿಯ, ಕಾಲಿರುವ ಚೀಲವೊಂದನ್ನು ಕೊಂಡೆವು. ಜೇಬುಗಳು ಕಡಿಮೆ. ಅದೂ ಒಳ್ಳೆಯದೇ, ಜೇಬಿದ್ದಷ್ಟೂ ತುಂಬುವುದು ಮನುಷ್ಯ ಸ್ವಭಾವ. ಪೂರ್ತಿ ಜಲನಿರೋಧಕವಾದದ್ದು ಬೇಕೆಂದರೆ ಇನ್ನಷ್ಟು ತೂಕ, ಬಹಳಷ್ಟು ಹೆಚ್ಚು ಹಣ. ಅದರ ಬದಲು ಬಾಯಿ ಮುಚ್ಚುವ ಮಳೆಹೊದಿಕೆ ಸಾಕೆಂದೆವು.

ಮುಂದಿನದು ಹದಿನಾಲ್ಕರಲ್ಲಿ ಆರನ್ನು ಬಿಡುವ ಕೆಲಸ. ಎಂಟು ಕ್ಲಬ್ಬು ಮೂರು ಕಾಲು ಕೆ.ಜಿ., ಚೀಲ ಒಂದೂವರೆ, ಆರು ಚೆಂಡು ಕಾಲು ಕೆ.ಜಿ.ಗಿಂತ ತುಸು ಹೆಚ್ಚು, ಅರ್ಧ ಲೀಟರ್ ನೀರು. ಒಟ್ಟು ಐದೂವರೆಯ ಆಸುಪಾಸು. ಮಳೆಯಂಗಿ ಮೈಮೇಲೆ.

ಮಂಗಳವಾರ ಸಂಜೆ ಬಾಲ್ಗೋವ್ ಎಂಬ ಒಂಬತ್ತು ಕುಳಿಗಳ ಅಂಗಳದಲ್ಲಿ ಅವಳು ಆಡಿದಳು, ನಾನು ಜೊತೆಗೆ ನಡೆದೆ. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಸಮುದ್ರದ ಗಾಳಿ ಅಡ್ಡಡ್ಡ ಬೀಸುತ್ತಿತ್ತು. ಐದನೇ ಕುಳಿಯ ಬಳಿ “ಕೊಡು, ನಾನು ಹೊರುತ್ತೇನೆ” ಎಂದೆ. “ಬೇಡಪ್ಪ, ನೋಯ್ತಿಲ್ಲ” ಎಂದು ಮುಂದೆ ನಡೆದಳು. ಒಂಬತ್ತು ಮುಗಿದರೂ ಕತ್ತಲಾಗಿರಲಿಲ್ಲ. ಮತ್ತೊಂದು ಸುತ್ತಿಗೆ ಹೊರಟಳು.

ಈಗ ಪ್ರತಿ ವಾರ ಫೋನಿನಲ್ಲಿ ನಮ್ಮಿಬ್ಬರ ಚರ್ಚೆ ಒಂದೇ, ಆ ಎಂಟರಲ್ಲಿ ಐದನೇ ನಂಬರಿನ ಕ್ಲಬ್ಬು ಇರಬೇಕೋ, ಆರನೆಯದು ಇರಬೇಕೋ ಎಂದು. ಇನ್ನೂ ತೀರ್ಮಾನವಾಗಿಲ್ಲ.