ಹಿನ್ನೆಲೆಯ ಗದ್ದೆ

ನಮ್ಮ ದೇರೆಬೈಲಿನಲ್ಲಿ ಈಗ ಬೈಲೊಂದನ್ನು ಬಿಟ್ಟು ಉಳಿದುದೆಲ್ಲವೂ ಇದೆ. ಬೈಲು ಎಂದರೆ ತಗ್ಗಿನಲ್ಲಿ ಹಾಸಿಕೊಂಡ ಗದ್ದೆಗಳ ಹರವು. ಈ ಪದವನ್ನು ಹೆಸರಿನ ತುದಿಗೆ ಕಟ್ಟಿಕೊಂಡ ಊರುಗಳು ಮಂಗಳೂರಿನ ಸುತ್ತ ಎಷ್ಟೋ ಉಂಟು. ತರಗತಿಯಲ್ಲಿ ಸ್ಥಳನಾಮಗಳ ಮಾತು ಬಂದಾಗ ನಾನು ನಮ್ಮ ಊರನ್ನೇ ಉದಾಹರಣೆಗೆ ಕೊಡುತ್ತೇನೆ. “ಬೈಲು ಎಲ್ಲಿದೆ ಸಾರ್?” ಎಂದು ಹಿಂದಿನ ಬೆಂಚಿನಿಂದ ಯಾವನಾದರೊಬ್ಬ ಕೇಳಿಯೇ ಕೇಳುತ್ತಾನೆ. ನಮ್ಮ ಮನೆಯ ಹಿಂದೆ ಇತ್ತು ಎನ್ನುತ್ತೇನೆ. ಅಲ್ಲಿ ನಾನು ಏಡಿ ಹಿಡಿದಿದ್ದೇನೆ. ಕೊಯ್ಲಾದ ಮೇಲೆ ಕೂಳೆಗಳ ನಡುವೆ ಚೆಂಡಾಡಿ ಪಾದ ಹರಿದುಕೊಂಡಿದ್ದೇನೆ. ಅದು ಹೋದದ್ದು ಒಂದೇ ದಿನದಲ್ಲಲ್ಲ. ಮೊದಲು ಒಂದು ಮೂಲೆಗೆ ಕೆಂಪು ಮಣ್ಣು ಬಿತ್ತು. ಮರುವರ್ಷ ಇನ್ನೊಂದು ಮೂಲೆಗೆ. ನಾನು ಓದು ಮುಗಿಸಿ ಬರುವ ಹೊತ್ತಿಗೆ ಅಲ್ಲೊಂದು ರಸ್ತೆಯೂ ರಸ್ತೆಗೊಂದು ಹೆಸರೂ ಆಗಿದ್ದುವು.

ಇಷ್ಟು ಪೀಠಿಕೆ ಏಕೆಂದರೆ ನಾನು ಹೇಳಹೊರಟಿರುವುದು ಘಟ್ಟದ ಮೇಲೆ ಕಟ್ಟಿಕೊಂಡ ಒಂದು ಪುಟ್ಟ ಬಿಡಾರದ ಕಥೆಯನ್ನು. ಗದ್ದೆಯ ಮಾತು ಅದರಲ್ಲಿ ಮತ್ತೆ ಬರುವುದಿದೆ.

ನಲವತ್ತು ಸಮೀಪಿಸುವ ಹೊತ್ತಿಗೆ ಮೇಷ್ಟರಾದವರಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಅರ್ಥಶಾಸ್ತ್ರದವರಿಗೆ ಹೋಮಿಯೋಪತಿ ಹಿಡಿಯಿತು, ಇತಿಹಾಸದವರಿಗೆ ಜ್ಯೋತಿಷ. ನನಗೆ ಕ್ಯಾಮರಾ. ಮೊದಲ ಕ್ಯಾಮರಾ ಸಣ್ಣದು. ಎರಡನೆಯದಕ್ಕೆ ಮೊಳದುದ್ದದ ಲೆನ್ಸು. ಅದರ ಬೆಲೆಯನ್ನು ಇಂದಿಗೂ ಮನೆಯಲ್ಲಿ ಸರಿಯಾಗಿ ಹೇಳಿಲ್ಲ. “ಕಾಡಿನ ಹಕ್ಕಿ ಆಮೇಲಾಗಲಿ, ಮೊದಲು ನಮ್ಮ ಮಾಡಿನ ಮೇಲೆ ಕೂರುವ ಕಾಗೆಯ ಪಟವೊಂದನ್ನು ನೆಟ್ಟಗೆ ತೆಗೆಯಿರಿ” ಎಂದು ಹೆಂಡತಿ ಹೇಳಿದಳು. ಕಾಗೆಯ ಪಟ ತೆಗೆಯುವುದು ಎಷ್ಟು ಕಷ್ಟವೆಂಬುದು ತೆಗೆದವರಿಗೇ ಗೊತ್ತು. ಕಪ್ಪು ಮೈಗೆ ಬೆಳಕು ಹೊಂದಿಸಿದರೆ ಆಕಾಶ ಸುಣ್ಣವಾಗುತ್ತದೆ; ಆಕಾಶವನ್ನು ಉಳಿಸಿಕೊಂಡರೆ ಕಾಗೆ ಬರಿಯ ಮಸಿಯ ಕಲೆ.

ಅವಳ ತವರು ಬಣಕಲ್ಲಿನ ಹತ್ತಿರ. ಮಾವನವರು ಮಗಳ ಪಾಲಿಗೆಂದು ಕಾಫಿಗೆ ಒಗ್ಗದ ಹತ್ತು ಗುಂಟೆ ಹಕ್ಕಲನ್ನು ಬಿಟ್ಟಿದ್ದರು. ಗುಡ್ಡದ ಓರೆ, ಲಂಟಾನದ ಪೊದೆ, ಕೆಳಗೆ ಒಂದು ಸಣ್ಣ ಹಳ್ಳ. ಯಾರಿಗೂ ಬೇಡವಾದ ಆ ಜಾಗ ಕ್ಯಾಮರಾ ಕೊರಳಿಗೆ ಬಿದ್ದಮೇಲೆ ನನ್ನ ಕಣ್ಣಿಗೆ ಕೈಲಾಸವಾಗಿ ಕಂಡಿತು. ಭವಿಷ್ಯನಿಧಿಯಿಂದ ಸಾಲ ತೆಗೆದೆ. ನಮ್ಮ ತಂದೆಯವರ ಕಾಲದ ಹಂಚಿನ ಮನೆಯನ್ನು 2014ರಲ್ಲಿ ಕೆಡವಿದಾಗ ಅದರ ಹಂಚುಗಳನ್ನು ಬಿಸಾಡಲು ಮನಸ್ಸಾಗದೆ ಹಿತ್ತಿಲಲ್ಲಿ ಪೇರಿಸಿಟ್ಟಿದ್ದೆ. ಅವುಗಳಲ್ಲಿ ಐನೂರನ್ನು ಆರಿಸಿ ಸಣ್ಣ ಲಾರಿಗೆ ಹೇರಿಸಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ಹಂಚಾಗಿ ದೇಶಾಂತರ ಹೋಗಿದೆಯಂತೆ. ನಮ್ಮ ಐನೂರು ಹಂಚುಗಳು ಹೋದದ್ದು ಸುಮಾರು ನೂರು ಕಿಲೊಮೀಟರು ಅಷ್ಟೆ. ಬೆಳ್ತಂಗಡಿ, ಉಜಿರೆ ದಾಟಿ, ಚಾರ್ಮಾಡಿಯ ತಿರುವುಗಳನ್ನು ಒಂದೊಂದಾಗಿ ಏರಿ, ಅಣ್ಣಪ್ಪಸ್ವಾಮಿಯ ಗುಡಿಯೆದುರು ಲಾರಿಯವನು ಕೈಮುಗಿದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಸ್ಥಳ ಮುಟ್ಟುವಾಗ ಒಡೆದದ್ದು ಏಳೇ ಹಂಚು.

ಇನ್ನು ಬಿಡಾರದ ನೆಲೆ. ಪಕ್ಕದ ಜಮೀನಿನ ಗೌಡರು ಎಪ್ಪತ್ತು ದಾಟಿದವರು. ಹಳ್ಳದ ಬದಿಯಲ್ಲಿ ಅವರಿಗೆ ಅರ್ಧ ಎಕರೆಯಷ್ಟು ಗದ್ದೆ. ಸುತ್ತಲಿನವರೆಲ್ಲ ಗದ್ದೆಗಳನ್ನು ಅಡಕೆಗೋ ಶುಂಠಿಗೋ ತಿರುಗಿಸಿಕೊಂಡಿದ್ದರೂ ಅವರು ವರ್ಷಕ್ಕೊಂದು ಬೆಳೆ ಬತ್ತವನ್ನು ಬಿಟ್ಟಿರಲಿಲ್ಲ. ನಾನು ಹಗ್ಗ ಹಿಡಿದು ಅಳೆಯುವುದನ್ನು ನೋಡಿ ಅವರು ಮೇಲೆ ಹತ್ತಿ ಬಂದರು.

“ಅಲ್ಲಿ ಬ್ಯಾಡ ಮೇಷ್ಟ್ರೇ. ಕೆಳಗೆ ಹಲಸಿನ ಮರದ ಹತ್ರ ತಟ್ಟಿದೆ. ಅಲ್ಲೇ ಕಟ್ಟಿ.”

“ಅಲ್ಲಿಂದ ಏನೂ ಕಾಣುವುದಿಲ್ಲವಲ್ಲ ಗೌಡ್ರೇ?”

“ಮನೆ ಕಟ್ಟೋದು ಮಲಗಕ್ಕಲ್ವಾ?”

ನನ್ನ ಲೆಕ್ಕ ಬೇರೆಯಿತ್ತು. ನಾನು ಹುಡುಕುತ್ತಿದ್ದುದು ಮನೆಗೆ ಜಾಗವನ್ನಲ್ಲ, ಕ್ಯಾಮರಾಕ್ಕೆ ಜಾಗವನ್ನು. ಬೆಳಗಿನ ಬಿಸಿಲು ಗುಡ್ಡದ ನೆತ್ತಿ ದಾಟಿ ನನ್ನ ಬೆನ್ನಿನ ಕಡೆಯಿಂದ ಬರಬೇಕು. ಜಗಲಿಯಲ್ಲಿ ಕುಳಿತ ನಾನು ನೆರಳಿನಲ್ಲಿರಬೇಕು. ಎದುರಿಗಿರುವ ಹಾಲುವಾಣದ ಮರ, ಅದರ ಕೊಂಬೆಯ ಮೇಲಿನ ಹಕ್ಕಿ ಬೆಳಕಿನಲ್ಲಿರಬೇಕು. ಇವೆಲ್ಲ ಕೂಡಿಬರುವುದು ಗುಡ್ಡದ ಹೆಗಲಿನಲ್ಲಿ ಒಂದೇ ಒಂದು ಕಡೆ. ಅಲ್ಲಿ ಸಮತಟ್ಟು ಇಲ್ಲದಿದ್ದರೆ ಮಾಡಿಕೊಂಡರಾಯಿತು. ಜೆಸಿಬಿ ಎಂಬ ಹಳದಿ ಯಂತ್ರ ಬಂದು ಅರ್ಧ ದಿನದೊಳಗೆ ಗುಡ್ಡದ ಹೆಗಲನ್ನು ಬೆಣ್ಣೆಯಂತೆ ಕೊಯ್ದಿತು. ತೆಗೆದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡಿತು. ಹಿಂದೆ ಆಳೆರಡರಷ್ಟು ಎತ್ತರದ ಬೋಳು ಬರೆ ನಿಂತಿತು. ಅದಕ್ಕೆ ಸಿಮೆಂಟಿನ ತಡೆಗೋಡೆ ಕಟ್ಟಿಸಿದೆ. ಗೋಡೆ ಅಂದವಾಗಿರಲೆಂದು ನೀರು ಹೋಗುವ ಕಂಡಿಗಳನ್ನು ಕಡಮೆ ಮಾಡಿಸಿದವನು ನಾನೇ. ಬಿಳಿಯ ಗೋಡೆಯ ಮೇಲೆ ಕಂದು ನೀರಿನ ಗೆರೆಗಳು ಇಳಿಯುವುದು ಪಟದಲ್ಲಿ ಚೆನ್ನಾಗಿ ಕಾಣದು!

2017ರ ಬೇಸಗೆಯಲ್ಲಿ ಬಿಡಾರ ಮುಗಿಯಿತು. ಹನ್ನೆರಡಡಿ ಅಗಲ, ಇಪ್ಪತ್ತಡಿ ಉದ್ದ. ಒಂದು ಕೋಣೆ, ಒಂದು ಒಲೆ, ಒಂದು ಜಗಲಿ. ಶನಿವಾರ ಮಧ್ಯಾಹ್ನ ಕೊನೆಯ ಪಾಠ ಮುಗಿಸಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿರುತ್ತಿದ್ದೆ. ಆ ಎರಡು ವರ್ಷಗಳ ಭಾನುವಾರಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಬೆಳಕು ಹರಿಯುವ ಮೊದಲೇ ಹಳ್ಳದ ಕಡೆಯಿಂದ ಯಾರೋ ಹುಡುಗ ಗುರಿಯಿಲ್ಲದೆ ಸಿಳ್ಳು ಹಾಕುತ್ತ ಹೋದಂತೆ ಕೇಳುತ್ತಿತ್ತು. ಅದು ಸಿಳ್ಳಾರ. ಕಡುನೀಲಿ ಮೈ, ಹಣೆಗೊಂದು ಹೊಳೆವ ನೀಲಿ ಪಟ್ಟೆ. ಇಂಗ್ಲಿಷಿನಲ್ಲಿಯೂ ಅದಕ್ಕೆ ಸಿಳ್ಳು ಹಾಕುವ ಶಾಲಾ ಹುಡುಗನೆಂದೇ ಅಡ್ಡಹೆಸರು. ವಾರವಿಡೀ ಸಿಳ್ಳು ಹಾಕುವ ಹುಡುಗರನ್ನು ಗದರಿಸಿ ಬಂದವನು ಅಲ್ಲಿ ಅದೇ ಸಿಳ್ಳಿಗಾಗಿ ಚಳಿಯಲ್ಲಿ ಕಾದು ಕೂರುತ್ತಿದ್ದೆನಲ್ಲ, ಅದನ್ನು ನಮ್ಮ ಪ್ರಾಂಶುಪಾಲರು ನೋಡಬೇಕಿತ್ತು.

ಈ ಸೀಮೆಯಲ್ಲಿ ಕ್ಯಾಮರಾ ಹಿಡಿದು ಕೂತವನಿಗೆ ಪೂರ್ಣಚಂದ್ರ ತೇಜಸ್ವಿಯವರ ನೆನಪು ಬಾರದಿರಲು ಸಾಧ್ಯವಿಲ್ಲ. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವೇ ಇದೆ. ಅವರೂ ಕನ್ನಡ ಎಂ.ಎ.; ನಾನೂ ಕನ್ನಡ ಎಂ.ಎ. ಸಾಮ್ಯ ಅಲ್ಲಿಗೆ ಮುಗಿಯಿತು. ಅವರು ಮೂಡಿಗೆರೆಯ ಕಡೆ ಕಾಫಿ ತೋಟ ಮಾಡಿಕೊಂಡು, ‘ನಿರುತ್ತರ’ವೆಂದು ಮನೆಗೆ ಹೆಸರಿಟ್ಟು, 2007ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಆ ಮಣ್ಣಿನಲ್ಲೇ ಇದ್ದವರು. ಫಿಲ್ಮಿನ ಕಾಲದಲ್ಲಿ, ಸುರುಳಿಗೆ 36 ಪಟವೆಂದು ಎಣಿಸಿಕೊಂಡು, ಹಕ್ಕಿಗಳ ಬೆನ್ನು ಹತ್ತಿದವರು. ನಾನೋ ಒಂದು ಬೆಳಗಿನಲ್ಲಿ ನಾನೂರು ಸಲ ಗುಂಡಿ ಒತ್ತಿ, ಸೋಮವಾರದ ಮೊದಲ ಗಂಟೆಗೆ ಮಂಗಳೂರು ಸೇರುವವನು. ಅವರು ಮಳೆಯನ್ನು ನೋಡಿದ್ದು ಇಡೀ ವರ್ಷದ ಲೆಕ್ಕದಲ್ಲಿ. ನಾನು ನೋಡಿದ್ದು ವಾರಕ್ಕೆ ಒಂದೂವರೆ ದಿನ, ಅದೂ ಚೌಕಟ್ಟಿನ ಒಳಗೆ.

ಚೌಕಟ್ಟಿನ ಮಾತು ಬಂದದ್ದರಿಂದ ಸ್ವಲ್ಪ ಕಸುಬಿನ ಗುಟ್ಟು ಹೇಳಬೇಕು. ಉದ್ದ ಲೆನ್ಸಿನ ಕಣ್ಣನ್ನು ಪೂರ್ತಿ ತೆರೆದು ಹತ್ತಿರದ ಹಕ್ಕಿಯ ಮೇಲೆ ನೆಟ್ಟರೆ ಕೆಲವೇ ಅಂಗುಲಗಳ ಆಳ ಮಾತ್ರ ಸ್ಪಷ್ಟವಾಗಿ ಮೂಡುತ್ತದೆ. ಅದರ ಹಿಂದಿರುವುದೆಲ್ಲ ಕರಗಿ ಬರಿಯ ಬಣ್ಣವಾಗುತ್ತದೆ. ಹಕ್ಕಿಯ ಪಟ ತೆಗೆಯುವವರು ಪ್ರಾಣ ಬಿಡುವುದು ಈ ಕರಗಿದ ಹಿನ್ನೆಲೆಗಾಗಿ. ನನ್ನ ಕಾಜಾಣ, ನನ್ನ ಪಿಕಳಾರಗಳ ಹಿಂದೆ ರೇಷ್ಮೆಯಂಥ ಹಸಿರೊಂದು ಹರಡಿರುತ್ತಿತ್ತು. ಮಂಗಳೂರಿನ ಮಿತ್ರರು ಹಕ್ಕಿಯನ್ನು ಬಿಟ್ಟು ಅದನ್ನೇ ಹೊಗಳಿದರು. “ಆ ಹಸಿರನ್ನು ಎಲ್ಲಿಂದ ತಂದಿರಿ ಮಾರಾಯ್ರೇ?” ಎಂದು ಒಬ್ಬರು ಕೇಳಿದರು. ನನ್ನ ಬೆಳಕಿನ ಲೆಕ್ಕಾಚಾರವನ್ನು ಅರ್ಧ ಗಂಟೆ ವಿವರಿಸಿದೆ. ಅದು ಗೌಡರ ಬತ್ತದ ಗದ್ದೆ ಎಂದು ಹೇಳಬೇಕೆಂದು ಹೊಳೆಯಲೇ ಇಲ್ಲ.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. 2019ರ ಜೂನಿನಲ್ಲಿ, ತಡೆಗೋಡೆಯ ಮೇಲ್ಗಡೆಯ ಒಂದು ಮರದ ಕಾಂಡದಲ್ಲಿ ಕಿತ್ತಳೆ ಬಣ್ಣದ ಅಣಬೆಗಳು ಸಾಲಾಗಿ ಎದ್ದಿದ್ದುವು. ಪಟ ತೆಗೆದೆ. ಮನೆಗೆ ಬಂದು ನೋಡಿದರೆ ಕಾಂಡ ವಾಲಿಕೊಂಡಿತ್ತು. ಕ್ಯಾಮರಾ ಹಿಡಿದದ್ದು ಸೊಟ್ಟಗಾಯಿತೆಂದು ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುಗಿಸಿ ಮರವನ್ನು ನೆಟ್ಟಗೆ ನಿಲ್ಲಿಸಿದೆ. ಓರೆಯಲ್ಲಿ ಮರಗಳು ವಾಲುವುದು ಮಣ್ಣು ಒಳಗೊಳಗೇ ಜರುಗುತ್ತಿರುವ ಗುರುತು ಎಂಬುದನ್ನು ನಾನು ಓದಿದ್ದು ಆಮೇಲೆ.

ಆ ವರ್ಷದ ಆಗಸ್ಟ್ ಮಳೆಯನ್ನು ಈ ಭಾಗದವರು ಯಾರೂ ಮರೆಯಲಾರರು. ಚಾರ್ಮಾಡಿ ಘಾಟಿಯಲ್ಲಿ ಅಲ್ಲಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಮೂಡಿಗೆರೆ ತಾಲ್ಲೂಕಿನಲ್ಲಿಯೂ ಕೆಳಗೆ ಬೆಳ್ತಂಗಡಿಯ ಕಡೆಯಲ್ಲಿಯೂ ಹಳ್ಳಿ ಹಳ್ಳಿಗಳಲ್ಲೇ ಮಣ್ಣು ಇಳಿದು ಮನೆ, ತೋಟ, ಗದ್ದೆಗಳನ್ನು ಮುಚ್ಚಿತು. ನಮ್ಮ ಭಾವನಿಗೆ ಮೂರು ದಿನ ಫೋನು ಸಿಕ್ಕಲಿಲ್ಲ. ಸಿಕ್ಕಿದಾಗ ಅವರು ಹೇಳಿದ್ದು: “ಎಲ್ಲರೂ ಇದೀವಿ. ನಿಮ್ಮ ಬಿಡಾರಾನೂ ಇದೆ. ಗೌಡ್ರ ಗದ್ದೆ ಇಲ್ಲ.”

ದಾರಿ ತೆರೆದ ಮೇಲೆ ಹೋದೆ. ನಮ್ಮ ತಡೆಗೋಡೆ ನಡುವೆ ಸೀಳಿ ಒಂದು ಪಕ್ಕಕ್ಕೆ ಮಲಗಿತ್ತು. ಅದರ ಹಿಂದಿನ ಗುಡ್ಡ, ಬಿಡಾರದ ಮೂಲೆಯನ್ನು ಸವರಿಕೊಂಡು, ಅಂಗಳಕ್ಕೆ ತಳ್ಳಿದ್ದ ಸಡಿಲ ಮಣ್ಣನ್ನೂ ಎಳೆದುಕೊಂಡು, ನೇರ ಹಳ್ಳಕ್ಕೆ ಇಳಿದಿತ್ತು. ಬಿಡಾರದ ಒಂದು ಹಂಚೂ ಜರುಗಿರಲಿಲ್ಲ. ಕೆಳಗೆ ಆಗತಾನೆ ನಾಟಿಯಾಗಿದ್ದ ಗದ್ದೆಯ ಮೇಲೆ ಆಳುದ್ದ ಕೆಂಪು ಮಣ್ಣು; ಮಣ್ಣಿನಲ್ಲಿ ಬೇರು ಮೇಲಾಗಿ ನನ್ನ ಅಣಬೆಯ ಮರ.

ಗೌಡರು ಮನೆಯ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕುಳಿತಿದ್ದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅಲ್ಲಿ ಕೈಕೊಟ್ಟವು. ಕೊನೆಗೆ, “ಗೌಡ್ರೇ, ನಾನು ಅಲ್ಲಿ ಕಡಿಯಬಾರದಿತ್ತು” ಎಂದೆ.

ಅವರು ಬಹಳ ಹೊತ್ತು ಅಡಿಕೆ ಕತ್ತರಿಸಿದರು. “ಕಡೀದೆ ಇದ್ದ ಗುಡ್ಡಗಳೂ ಬಂದ್ವಲ್ಲ ಮೇಷ್ಟ್ರೇ ಈ ಸಲ” ಎಂದರು.

ಅದು ನಿಜ. ಮನುಷ್ಯ ಕೈಹಚ್ಚದ ಗುಡ್ಡಗಳೂ ಆ ವಾರ ಇಳಿದದ್ದನ್ನು ದಾರಿಯಲ್ಲಿ ನಾನೇ ಕಂಡಿದ್ದೆ. ಆ ನಿಜದ ಮರೆಯಲ್ಲಿ ನಾನು ನಿಲ್ಲಬಹುದೆಂದು ಅವರು ಜಾಗ ಮಾಡಿಕೊಟ್ಟರು. ನಾನು ನಿಂತೂ ಬಿಟ್ಟೆ, ಸುಳ್ಳೇಕೆ ಹೇಳಲಿ. ಮಣ್ಣು ತೆಗೆಸುವ ಖರ್ಚು ನನ್ನದೆಂದು ಹೇಳಿದೆ. ಅವರು ಬೇಡವೆಂದರು; ಅಷ್ಟು ಮಣ್ಣನ್ನು ತೆಗೆದು ಎಲ್ಲಿ ಹಾಕುವುದು ಎಂದರು. ಎದ್ದು ಹೊರಟಾಗ ಹಿಂದಿನಿಂದ ಕರೆದರು.

“ನೀವು ಮೇಲೆ ಕೂತ್ಕೊಂಡು ಎಷ್ಟು ಫೋಟೋ ತೆಗೀತಿದ್ರಿ. ನಮ್ ಗದ್ದೇದು ಒಂದು ಇದ್ದೀತಲ್ಲ? ಇದ್ರೆ ಕೊಡಿ. ಮೊಮ್ಮಗ ಬೆಂಗ್ಳೂರಿಂದ ಬಂದಾಗ ಕೇಳ್ತಾನೆ, ಎಲ್ಲಿತ್ತು ಅಂತ.”

ಧಾರಾಳವಾಗಿ ಕೊಡುತ್ತೇನೆಂದೆ. ದೇರೆಬೈಲಿಗೆ ಬಂದು ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತೆ. ಎರಡು ವರ್ಷಗಳ ಸಾವಿರಾರು ಪಟಗಳು. ಕಾಜಾಣದ ಹಿಂದೆ ಹಸಿರು, ಪಿಕಳಾರದ ಹಿಂದೆ ಹಸಿರು, ಡಿಸೆಂಬರಿನ ಪಟಗಳಲ್ಲಿ ಹೊನ್ನು. ಬದುವಿಲ್ಲ, ಪೈರಿಲ್ಲ, ಮನುಷ್ಯರಿಲ್ಲ, ಬರಿಯ ಬಣ್ಣ. ನಡುರಾತ್ರಿಯ ಹೊತ್ತಿಗೆ ಇನ್ನೊಂದು ಮಾತು ನೆನಪಾಗಿ ಎದ್ದುಹೋಗಿ ತಂದೆಯವರ ಪೆಟ್ಟಿಗೆಯಿಂದ ಹಳೆಯ ಆಲ್ಬಮ್ ತೆಗೆದೆ. ಮದುವೆ, ಉಪನಯನ, ಸ್ಟುಡಿಯೋದ ಪರದೆಯ ಮುಂದೆ ನಿಲ್ಲಿಸಿದ ಮಕ್ಕಳು. ನಮ್ಮ ಮನೆಯ ಹಿಂದಿನ ಬೈಲಿನ ಪಟ ಒಂದೂ ಇರಲಿಲ್ಲ. ಯಾರು ತೆಗೆಯುತ್ತಾರೆ? ಅದು ಅಲ್ಲೇ ಇತ್ತಲ್ಲ.

ಮೂರನೆಯ ರಾತ್ರಿ ಒಂದು ಸಿಕ್ಕಿತು. 2018ರ ನವೆಂಬರಿನದು. ಗುಂಡಿ ಒತ್ತುವ ಕ್ಷಣಕ್ಕೆ ಕಾಜಾಣ ಹಾರಿದೆ. ಲೆನ್ಸಿನ ಗುರಿ ತಪ್ಪಿ ಹಿಂದಿನ ಗದ್ದೆಗೆ ಹೋಗಿ ನಾಟಿದೆ. ಕೆಟ್ಟ ಪಟವೆಂದು ಅಳಿಸಬೇಕಿತ್ತು, ಹೇಗೋ ಉಳಿದಿತ್ತು. ಗದ್ದೆಯ ಒಂದು ಮೂಲೆ ಮಾತ್ರ. ತಲೆದೂಗುವ ತೆನೆಗಳು, ಹುಲ್ಲು ಹೆರೆದ ಬದು, ಬದುವಿನ ಮೇಲೆ ಬಗ್ಗಿ ನೀರಿಗೆ ದಾರಿ ಕಡಿಯುತ್ತಿರುವ ಗೌಡರ ಬೆನ್ನು, ಪಕ್ಕದಲ್ಲಿ ಕಳಚಿಟ್ಟ ಟವೆಲು.

ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಮುಂದಿನ ಶನಿವಾರ ಕೊಂಡುಹೋದೆ. ಅವರು ಕನ್ನಡಕ ತರಿಸಿ, ಪಟವನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ಮ್ಯಾಲಿನ ಗದ್ದೆ” ಎಂದರು. “ಏಡಿ ತೂತು ಮಾಡಿತ್ತಲ್ಲ ಆ ಬದ” ಎಂದು ಒಳಗೆ ಹೆಂಡತಿಯನ್ನು ಕೂಗಿದರು. ಅವರೂ ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿದರು. ಗೌಡರ ಬೆರಳು ಬದುವಿನ ಮೇಲೆ ನಿಧಾನವಾಗಿ ಸರಿದು ಮೇಲಿನ ಮೂಲೆಯಲ್ಲಿ ನಿಂತಿತು. ಅಲ್ಲೊಂದು ಕಪ್ಪು ಮಸುಕು.

“ಇದೇನು ಮೇಷ್ಟ್ರೇ?”

“ಕಾಜಾಣದ ಬಾಲ. ಹಾರಿಹೋಯಿತು.”

ಅವರು ಪಟದಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು.

“ಅಯ್ಯೋ, ಒಂದ್ ಗಳಿಗೆ ಕೂತಿದ್ರೆ ನಿಮಗೂ ಒಂದು ಹಕ್ಕಿ ಸಿಕ್ತಿತ್ತು” ಎಂದರು.