ಹತ್ತನೆಯ ಹೆಸರು

ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ಪ್ರೆಸ್ ಶಾಪ್. ವಾಹನಗಳಿಗೆ ಬೇಕಾದ ತಗಡಿನ ಬಿಡಿಭಾಗಗಳನ್ನು ಒತ್ತಿ ಕೊಡುವ ಜಾಗ. ಅಲ್ಲಿ ನಾನು ಆರು ವರ್ಷ ಲೆಕ್ಕ ಬರೆದೆ. ಹಾಜರಿ ಪುಸ್ತಕವೂ ನನ್ನ ಕೈಯಲ್ಲೇ ಇತ್ತು. ಯಂತ್ರಗಳ ಮುಂದೆ ಹದಿನಾಲ್ಕು ಜನ ದುಡಿಯುತ್ತಿದ್ದರು. ಪುಸ್ತಕದಲ್ಲಿ ಒಂಬತ್ತೇ ಹೆಸರು.

ಯಾಕೆ ಒಂಬತ್ತು ಅಂತೀರಾ? 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ, ವಿದ್ಯುತ್ ಬಳಸುವ ಕಡೆ ಹತ್ತು ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಆಗ ಯಂತ್ರದ ಅಪಾಯದ ಭಾಗಗಳಿಗೆ ತಡೆ ಹಾಕುವುದು ಕಡ್ಡಾಯವಾಗಿತ್ತು, ಇನ್ಸ್‌ಪೆಕ್ಟರ್ ಬಂದು ನೋಡಬಹುದಿತ್ತು. ಎಣಿಸಬೇಕಾದದ್ದು ತಲೆಗಳನ್ನೇ. ಆದರೆ ನಾನಿದ್ದ ಆರು ವರ್ಷದಲ್ಲಿ ಎಣಿಸಲು ಯಾರೂ ಬರಲಿಲ್ಲ. ಹೀಗಾಗಿ ನಾನು ಬರೆದದ್ದೇ ಲೆಕ್ಕ.

ಪವರ್ ಪ್ರೆಸ್ಸಿಗೆ ಎರಡು ಗುಂಡಿ ಇರುತ್ತವೆ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಇಳಿಯಬೇಕು. ಕೈ ಡೈಯೊಳಗೆ ಉಳಿಯಬಾರದು, ಅದಕ್ಕೆ. ನಮ್ಮಲ್ಲಿ ಅದನ್ನು ತಪ್ಪಿಸಿ ಕಾಲಿನ ಪೆಡಲ್ ಜೋಡಿಸಿದ್ದರು. ಗಂಟೆಗೆ ಹೆಚ್ಚು ಪೀಸು ಬರುತ್ತಿತ್ತು.

ಇಂಡಿ ತಾಲ್ಲೂಕಿನ ಹುಡುಗನೊಬ್ಬನನ್ನು ನಮ್ಮ ಕಡೆಯವನೆಂದು ನಾನೇ ಕೆಲಸಕ್ಕೆ ಸೇರಿಸಿದ್ದೆ. ಒಂದು ರಾತ್ರಿ ಪಾಳಿಯಲ್ಲಿ ಅವನ ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಕೇಳಿದ: “ಅಣ್ಣಾರ, ನನ್ನ ಹೆಸರು ಪುಸ್ತಕದಾಗ ಐತಿಲ್ರಿ?”

ಇರಲಿಲ್ಲ.

1923ರ ಪರಿಹಾರ ಕಾಯ್ದೆಯಲ್ಲಿ ಬೆರಳಿಗೂ ಲೆಕ್ಕವಿತ್ತು. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 20ರಷ್ಟು ನಷ್ಟ. ಅದಕ್ಕೆ ಹತ್ತು ಜನ ಇರಲೇಬೇಕೆಂದಿರಲಿಲ್ಲ. ಆದರೆ ಅಲ್ಲಿ ದುಡಿಯುತ್ತಿದ್ದೆ ಎಂದು ತೋರಿಸಬೇಕಲ್ಲ? ಸಾಕ್ಷಿ ಹೇಳಬಹುದಾಗಿದ್ದವನು ನಾನು. ಹೇಳಲಿಲ್ಲ. ಮಗಳ ಕಾಲೇಜು ಫೀಸು ಕಟ್ಟುವ ತಿಂಗಳು ಅದು. ಸೇಠ್ ಒಂದಿಷ್ಟು ಹಣ ಕೊಟ್ಟರು. ರಸೀದಿ ನಾನೇ ಬರೆದೆ. ಹುಡುಗ ಎಡಗೈಯಲ್ಲಿ ಸಹಿ ಮಾಡಿ ಊರಿಗೆ ಹೋದ.

ಇನ್ಸ್‌ಪೆಕ್ಟರುಗಳು ಸಾಲುವುದಿಲ್ಲ, ಲಂಚ ನಡೆಯುತ್ತದೆ ಎಂದು ನಾವೆಲ್ಲ ಮಾತಾಡುತ್ತೇವೆ. ನಿಜವೇ. ಆದರೆ ಕಾಯ್ದೆಯನ್ನು ನಮ್ಮ ಬಾಗಿಲಲ್ಲೇ ತಡೆದದ್ದು, ಸಂಬಳಕ್ಕೆ ಬರೆಯುತ್ತಿದ್ದ ನನ್ನ ಪೆನ್ನು.

2020ರ ಹೊಸ ಸಂಹಿತೆಯ ಪ್ರಕಾರ, ವಿದ್ಯುತ್ ಬಳಸುವ ಕಡೆಯೂ ಕಾರ್ಖಾನೆ ಎನಿಸಿಕೊಳ್ಳಲು ಇಪ್ಪತ್ತು ಜನ ಬೇಕು. ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹಾಜರಿ ಪುಸ್ತಕ. ಎಲ್ಲೋ ಒಬ್ಬ ಗುಮಾಸ್ತ ಈಗ ಹತ್ತೊಂಬತ್ತು ಹೆಸರು ಬರೆದು ಪುಸ್ತಕ ಮುಚ್ಚುತ್ತಿರಬಹುದು.